ಹಲ್ಲಿಲ್ಲದ ಕಥೆ

ಹಲ್ಲಕ್ಕನಿಗೆ ಮನುಷ್ಯರ ಮುಖ ಕಾಣುವುದು ಆಮೇಲೆ, ಮೊದಲು ಕಾಣುವುದು ಹಲ್ಲು. ಮದುವೆಗೆ ಮುಂಚೆ ಗಂಡನನ್ನು ನೋಡಿ ಬಂದವಳು, ‘ಹುಡುಗ ಹೇಗಿದ್ದಾನೆ’ ಎಂದು ಕೇಳಿದ ತಾಯಿಗೆ ‘ಕೆಳಗಿನ ಸಾಲು ಸ್ವಲ್ಪ ಇಕ್ಕಟ್ಟು, ಮೇಲಿನದು ಚೆನ್ನಾಗಿದೆ’ ಎಂದಿದ್ದಳಂತೆ. ತಪ್ಪು ಅವಳದಲ್ಲ. ಓದು ಮುಗಿದ ಕೂಡಲೇ ಸೋದರಮಾವ ತನ್ನ ಕಟ್ಟುಹಲ್ಲಿನ ಲ್ಯಾಬಿಗೆ ಕರೆದು ಕೂರಿಸಿದ. ಅಂದಿನಿಂದ ದಂತವೈದ್ಯರು ಕಳಿಸುವ ಅಚ್ಚುಗಳಿಗೆ ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಉಜ್ಜಿ ಹೊಳಪು ಕೊಡುವುದೇ ಅವಳ ಕೆಲಸ. ಊರಿನ ಎಷ್ಟೋ ಮುದುಕರ ನಗು ಅವಳ ಕೈಯಿಂದ ಬಂದದ್ದು. ಅತ್ತೆಯ ನಗುವೂ ಅಷ್ಟೆ. ಮನೆಯಲ್ಲಿ ಮಾತಿಗೆ ಮಾತು ಬೆಳೆದಾಗ ‘ನಾನು ಕಟ್ಟಿಕೊಟ್ಟ ಹಲ್ಲಲ್ಲೇ ನನಗೆ ಬೈತೀರಲ್ಲ’ ಎಂದು ಹಲ್ಲಕ್ಕ ಕೂಗಿದರೆ, ಅತ್ತೆ ಸೆಟ್ಟು ತೆಗೆದು ಲೋಟಕ್ಕೆ ಹಾಕಿ, ಬೊಚ್ಚುಬಾಯಲ್ಲೇ ಬೈಗುಳ ಮುಂದುವರಿಸುತ್ತಾರೆ.

ಇಂಥ ಹಲ್ಲಕ್ಕನಿಗೆ ಒಂದು ಹುಚ್ಚು. ಎಂದೋ ಮುಗಿದುಹೋದ ಟಿವಿ ಧಾರಾವಾಹಿಯೊಂದರ ಹುಚ್ಚು. ದೀಪಸ್ತಂಭ ಕಾಯುವ ಹೆಂಗಸು, ಆಗಾಗ ಹಡಗು ತಂದು ನಿಲ್ಲಿಸುವ ಕಪ್ತಾನ; ಇಬ್ಬರೂ ಕೊನೆಯ ಕಂತಿನವರೆಗೆ ಮನಸ್ಸಿನ ಮಾತು ಆಡದೆ ನೋಡುವವರ ಹೊಟ್ಟೆ ಉರಿಸಿದರು. ಧಾರಾವಾಹಿ ನಿಂತರೂ ಅಭಿಮಾನಿಗಳು ಬಿಡಬೇಕಲ್ಲ! ಆನ್‌ಲೈನಿನಲ್ಲಿ ಗುಂಪು ಕಟ್ಟಿಕೊಂಡು, ಅದೇ ಪಾತ್ರಗಳನ್ನಿಟ್ಟು ತಾವೇ ಹೊಸ ಕಥೆ ಬರೆಯತೊಡಗಿದರು. ಅದಕ್ಕೆ ಫ್ಯಾನ್ ಫಿಕ್ಷನ್ ಎಂದು ಹೆಸರು. ವರ್ಷದ ಕೊನೆಯ ರಜೆ ಬಂತೆಂದರೆ ಉಡುಗೊರೆ ವಿನಿಮಯ. ತನಗೆ ಎಂಥ ಕಥೆ ಬೇಕೆಂದು ಪ್ರತಿಯೊಬ್ಬರೂ ಕೇಳಬೇಕು. ಗುಂಪಿನ ಯಜಮಾನಿ ಚೀಟಿ ಎತ್ತಿ, ಯಾರು ಯಾರಿಗೆ ಬರೆಯಬೇಕೆಂದು ಗುಟ್ಟಾಗಿ ತಿಳಿಸುತ್ತಾಳೆ. ಕಥೆಗಳೆಲ್ಲ ರಜೆಯ ದಿನ ಒಟ್ಟಿಗೆ ತೆರೆಯುತ್ತವೆ, ಬರೆದವರ ಹೆಸರಿಲ್ಲದೆ. ಹೆಸರು ಹೊರಬೀಳುವ ತನಕ ‘ಇದು ಯಾರದು, ಅದು ಯಾರದು’ ಎಂದು ಊಹಿಸುವುದರಲ್ಲೇ ಅರ್ಧ ಮಜಾ.

ಹಲ್ಲಕ್ಕನ ಕಥೆಯನ್ನು ಮಾತ್ರ ಯಾರೂ ಊಹಿಸಬೇಕಾಗಿರಲಿಲ್ಲ. ಕಪ್ತಾನ ಮುಗುಳ್ನಕ್ಕರೂ ಸಾಕು, ಅವನ ಬಲಗಡೆಯ ಕೋರೆಹಲ್ಲು ಒಂದು ಪ್ಯಾರಾ ನುಂಗಿಬಿಡುತ್ತಿತ್ತು. ಗುಂಪಿನವರು ಬಿದ್ದು ಬಿದ್ದು ನಗುತ್ತಿದ್ದರು. ಅವಳೂ ನಗುತ್ತಿದ್ದಳು.

ಈ ವರ್ಷ ನಗುವ ಹಾಗಿರಲಿಲ್ಲ. ಚೀಟಿಯಲ್ಲಿ ಬಂದದ್ದು ಗೂಬೆಯ ಹೆಸರು.

ಗೂಬೆ ಎಂಬುದು ಗುಂಪಿನ ಒಬ್ಬಾಕೆ ತನಗೆ ತಾನೇ ಇಟ್ಟುಕೊಂಡ ಹೆಸರು. ಮುಖ ನೋಡಿದ್ದಿಲ್ಲ, ದನಿ ಕೇಳಿದ್ದಿಲ್ಲ, ಆದರೂ ಹಲ್ಲಕ್ಕನಿಗೆ ಅಷ್ಟು ಹತ್ತಿರದ ಗೆಳತಿ ಬೇರೊಬ್ಬಳಿರಲಿಲ್ಲ. ದಿನ ಬೆಳಗಾದರೆ ಬರಹದಲ್ಲೇ ಇಬ್ಬರ ಹರಟೆ. ಹೋದ ವರ್ಷ ಹಲ್ಲಕ್ಕ ತನ್ನ ಕಥೆಯಲ್ಲಿ ಕಪ್ತಾನನಿಗೂ ದೀಪದಾಕೆಗೂ ಮದುವೆ ಮಾಡಿಸಿ ಹಡಗು ಹತ್ತಿಸಿದಳು. ‘ದೀಪ ಬಿಟ್ಟು ಹೋಗೋಳಲ್ಲ ಅವಳು’ ಎಂದು ಗೂಬೆ ಬರೆದಳು. ಮಾತು ಏರಿತು. ಹಲ್ಲಕ್ಕ ಸಿಟ್ಟಿನಲ್ಲಿ, ಎಲ್ಲರೆದುರಿಗೆ, ‘ಒಬ್ಬಳೇ ಗೂಡಲ್ಲಿ ಕೂತಿರೋಳಿಗೆ ಪ್ರೀತಿ ಅಂದ್ರೆ ಏನು ಗೊತ್ತು’ ಎಂದುಬಿಟ್ಟಳು. ಗೂಬೆ ಒಂಟಿಯಾಗಿರುವುದು ಅವಳಿಗೆ ಗೊತ್ತಿತ್ತು. ಆಡಿದ ಮಾತು, ಒಡೆದ ಮುತ್ತು. ಅಂದಿನಿಂದ ಗೂಬೆಯ ಕಡೆಯಿಂದ ಒಂದಕ್ಷರವಿಲ್ಲ. ಕ್ಷಮಿಸು ಎಂದು ಬರೆಯುವುದು, ಅಳಿಸುವುದು. ಇದೇ ಹಲ್ಲಕ್ಕನ ವರ್ಷವಾಯಿತು. ಗೆಳತಿ ಇಲ್ಲದೆ ಅವಳಿಗೆ ಊಟ ರುಚಿಸುತ್ತಿರಲಿಲ್ಲ.

ಈಗ ಈ ಚೀಟಿ! ಸಂತೋಷವೋ ದಿಗಿಲೋ ತಿಳಿಯದೆ, ಅಂದು ಲ್ಯಾಬಿನಲ್ಲಿ ಯಾರದೋ ಸೆಟ್ಟಿಗೆ ಎರಡೂ ಕಡೆ ಬಲಗಡೆಯ ಕೋರೆಹಲ್ಲನ್ನೇ ಕೂರಿಸಿದಳು.

“ಏನೇ ಇದು, ಗಿರಾಕಿನ ಹುಲಿವೇಷಕ್ಕೆ ಕಳಿಸ್ತೀಯಾ?” ಎಂದು ಸೋದರಮಾವ ತಲೆ ಚಚ್ಚಿಕೊಂಡ.

ಕಥೆ ಕುದುರಿತು. ಗೂಬೆ ಕೇಳಿದ್ದು ಇಷ್ಟೆ: ಯಾರೂ ಸಾಯಬಾರದು, ದೀಪ ಆರಬಾರದು, ಮದುವೆಯ ಸುದ್ದಿ ಎತ್ತಬಾರದು. ಹಲ್ಲಕ್ಕನ ಕಥೆಯಲ್ಲಿ, ಬಿರುಗಾಳಿಯ ರಾತ್ರಿ ದೀಪ ತಿರುಗಿಸುವ ಯಂತ್ರ ಕೆಡುತ್ತದೆ. ಕಪ್ತಾನ ದಡಕ್ಕೆ ಬಂದು, ಬೆಳಗಾಗುವ ತನಕ ಆಕೆಯ ಜೊತೆ ಕೈಯಿಂದಲೇ ದೀಪ ತಿರುಗಿಸುತ್ತಾನೆ. ‘ಹಿಂದೆ ನಾನಾಡಿದ ಮಾತು ತಪ್ಪು’ ಎನ್ನುತ್ತಾನೆ. ಹೊರಟುಹೋಗುತ್ತಾನೆ. ಬರೆಯುತ್ತ ಬರೆಯುತ್ತ ಹಲ್ಲಕ್ಕನ ಕಣ್ಣು ತುಂಬಿತು. ಗೂಬೆ ಅಂದದ್ದು ನಿಜವೇ, ದೀಪದಾಕೆ ದೀಪ ಬಿಟ್ಟು ಹೋಗುವವಳಲ್ಲ.

ಹಲ್ಲಕ್ಕ ಓದಿ ಹೇಳಿದಳು, ಅತ್ತೆ ಬಟಾಣಿ ಸುಲಿಯುತ್ತ ಇಡೀ ಕಥೆ ಕೇಳಿದರು. ಜಗಳದ ವಿಷಯವೆಲ್ಲ ಅವರಿಗೆ ಗೊತ್ತಿತ್ತು.

“ಚೆನ್ನಾಗಿದೆ ಕಣೇ. ಆದ್ರೆ ಮೊದಲನೇ ಸಾಲಲ್ಲೇ ಅವನ ದವಡೆಹಲ್ಲು ಬಂತು. ನಿಂದೇ ಅಂತ ಕುರುಡನೂ ಹೇಳ್ತಾನೆ. ಅವಳು ಮುಂದಕ್ಕೆ ಓದ್ತಾಳಾ?”

ಗೂಬೆ ಓದದಿದ್ದರೆ ಬರೆದು ಏನು ಬಂತು? ಹಲ್ಲಕ್ಕ ಅವತ್ತೇ ಕೂತು ಕಥೆಯಿಂದ ಹಲ್ಲು ಕೀಳಲು ಶುರುಮಾಡಿದಳು. ಕೋರೆ ಹೋಯಿತು, ದವಡೆ ಹೋಯಿತು, ಒಸಡೂ ಹೋಯಿತು. ಕಪ್ತಾನ ಈಗ ನಗುವುದು ಭುಜ ಕುಣಿಸಿ. ದೀಪದಾಕೆ ಚಳಿಗೆ ನಡುಗುವುದು ಮೊಣಕಾಲಿನಿಂದ. ಇಬ್ಬರೂ ಬ್ರೆಡ್ಡನ್ನು ಚಹಾದಲ್ಲಿ ಕರಗಿಸಿ ಕುಡಿಯುತ್ತಾರೆ.

“ಪಾಪ, ಇಬ್ಬರಿಗೂ ಒಂದೊಂದು ಸೆಟ್ಟು ಕಟ್ಟಿಕೊಡೇ” ಎಂದರು ಅತ್ತೆ.

“ಸುಮ್ನಿರಿ ಅತ್ತೆ, ನನಗೆ ಜೀವ ಹೋಗ್ತಿದೆ!” ಎಂದು ಹಲ್ಲಕ್ಕ ಕಣ್ಣುಮುಚ್ಚಿ ಕಥೆ ಕಳಿಸಿದಳು.

ರಜೆಯ ದಿನ ಬಂತು. ಕಥೆಗಳು ತೆರೆದವು. ಹಲ್ಲಕ್ಕ ಒಲೆಯ ಮುಂದೆ ನಿಂತಳು, ಫೋನು ನೋಡಿದಳು, ಸಾರಿಗೆ ಉಪ್ಪು ಹಾಕಿದಳು, ಫೋನು ನೋಡಿದಳು, ಮತ್ತೆ ಉಪ್ಪು ಹಾಕಿದಳು. ಗಂಡ ಬಂದು ಉಪ್ಪಿನ ಡಬ್ಬಿಯನ್ನೇ ಎತ್ತಿಕೊಂಡು ಹೋದ. ಊಟದ ಹೊತ್ತಿಗೆ ಕಥೆಯ ಕೆಳಗೆ ಗೂಬೆಯ ಮಾತು ಕಾಣಿಸಿತು.

‘ಓದಿದೆ, ಅತ್ತುಬಿಟ್ಟೆ, ಮತ್ತೆ ಓದಿದೆ. ಆದರೆ ಇಡೀ ಕಥೆಯಲ್ಲಿ ಒಬ್ಬರಾದರೂ ಬಾಯಿ ತೆರೆದು ನಗಬಾರದೇ? ಹಲ್ಲಿನ ಹೆಸರೆತ್ತಲು ಇಷ್ಟು ಹೆದರುವವಳು ಲೋಕದಲ್ಲಿ ಒಬ್ಬಳೇ. ಇಗೋ ನನ್ನ ನಂಬರು.’

ಹಲ್ಲಕ್ಕ ಸೌಟು ಹಿಡಿದುಕೊಂಡೇ ನಂಬರು ಒತ್ತಿದಳು. ಆ ಕಡೆ ಫೋನೆತ್ತಿದ ದನಿ ತೀರಾ ಸಣ್ಣ ಹುಡುಗಿಯ ದನಿಯಂತಿತ್ತು.

“ಕ್ಷಮಿಸು ಅನ್ನೋಕೆ ನಿನಗೆ ಒಂದು ಇಡೀ ಕಥೆ ಬೇಕಾಯ್ತೇನೇ?”

“ಕ್ಷಮಿಸೇ” ಎಂದಳು ಹಲ್ಲಕ್ಕ. ಆಮೇಲೆ ಇಬ್ಬರೂ ಅತ್ತರೋ ನಕ್ಕರೋ ಅವರಿಗೇ ತಿಳಿಯಲಿಲ್ಲ.

ಅಷ್ಟಾದ ಮೇಲೆ ಗೂಬೆ ಶುರುಮಾಡಿದಳು. “ಒಂದು ಹೇಳ್ಲಾ? ಅಷ್ಟು ಒಳ್ಳೇ ಕಪ್ತಾನ. ಅವಳು ಮದುವೆ ಆಗಬಹುದಿತ್ತು.”

“ಏನು? ಹುಚ್ಚಾ ನಿನಗೆ? ದೀಪ ಯಾರು ನೋಡ್ಕೋತಾರೆ?”

“ಅವನೇ ಬಂದು ಇರ್ಲಿ!”

“ಹಡಗು?”

“ಹಡಗು ಮಾರ್ಲಿ!”

“ಕಪ್ತಾನ ಹಡಗು ಮಾರೋದಾ! ನಿನಗೆ ಕಥೆ ಅಂದ್ರೆ ಏನಂತಾನೇ ಗೊತ್ತಿಲ್ಲ!” ಹಲ್ಲಕ್ಕ ಸೌಟು ಎತ್ತಿ ಗಾಳಿಯಲ್ಲಿ ಆಡಿಸುತ್ತಿದ್ದಳು. ಗೂಬೆ ಅಲ್ಲಿಂದ ಅದಕ್ಕಿಂತ ಜೋರಾಗಿ ಕೂಗುತ್ತಿದ್ದಳು.

“ಯಾರ ಜೊತೆಯೇ ಅಷ್ಟೊಂದು ಜಗಳ, ರಜೆ ದಿನ?” ಎಂದು ಅತ್ತೆ ಒಳಗಿನಿಂದ ಕೇಳಿದರು.

“ನನ್ನ ಗೆಳತಿ ಜೊತೆ, ಅತ್ತೆ!” ಎಂದು ಹಲ್ಲಕ್ಕ ಕೂಗಿ ಹೇಳಿದಳು.