ಜೌಗಿನ ಮುಂದೆ ಬರೆದ ಸೊನ್ನೆ

ಬೆಳಗಿನ ಐದೂವರೆ. ಅಂಡರ್‌ಪಾಸಿನ ಮೂಲೆಯಲ್ಲಿ ಮೊಣಕಾಲುದ್ದ ನೀರಿಗಿಳಿದು ಪಂಪಕ್ಕ ಕಬ್ಬಿಣದ ಜಾಲರಿಗೆ ಸಿಕ್ಕಿಕೊಂಡ ಕಸ ಕೀಳುತ್ತಿದ್ದಾರೆ. ಒಂಟಿ ಚಪ್ಪಲಿ, ಹಾಲಿನ ಕವರು, ಯಾರದೋ ಮನೆಯ ಕಾಲೊರಸು. ಜಾಲರಿ ಕಟ್ಟಿಕೊಂಡರೆ ಇವರು ನೋಡಿಕೊಳ್ಳುವ ನೀರೆತ್ತುವ ಪಂಪು ನಿಲ್ಲುತ್ತದೆ, ಪಂಪು ನಿಂತರೆ ಆರು ಗಂಟೆಯ ಮೊದಲ ಬಸ್ಸು ಇಲ್ಲಿ ಈಜಬೇಕಾಗುತ್ತದೆ. ಒಂದೇ ಮಳೆಗೆ ಮೂರು ಬುಟ್ಟಿ ಕಸ ಬಂದಿದೆ. ದಿನಾ ಈ ದಾರಿಯಲ್ಲಿ ಓಡಾಡುವವರಿಗೆ ಇವರ ಮುಖ ಕೂಡ ಗೊತ್ತಿಲ್ಲ.

ಐವತ್ತೆರಡರ ಈ ಹೆಂಗಸಿಗೆ ಪಂಪಕ್ಕ ಎಂಬ ಅಡ್ಡಹೆಸರು ಬಿದ್ದು ಒಂಬತ್ತು ವರ್ಷ. ಅದಕ್ಕೆ ಮೊದಲು ಪಕ್ಕದ ಜೌಗಿನಲ್ಲಿ ಜೊಂಡು ಕೊಯ್ದು ಚಾಪೆ ಹೆಣೆಯುತ್ತಿದ್ದರು. ನಲವತ್ತು ಎಕರೆ ಜೌಗಿಗೆ ಮಣ್ಣು ಸುರಿದು ಬಡಾವಣೆ ಎಬ್ಬಿಸಿದರು. ಉಳಿದದ್ದು ಮೂರೇ ಎಕರೆ. “ಆಗ ಎಂಥಾ ಮಳೆ ಬಂದ್ರೂ ಜೌಗು ಗಟಗಟ ಕುಡಿದು ಸುಮ್ನಾಗ್ತಿತ್ತು. ಈಗ ಅದರ ಕೆಲ್ಸ ನನ್ನ ತಲೆಗೆ ಬಂದಿದೆ. ಅದು ಕರೆಂಟೂ ಕೇಳ್ತಿರ್ಲಿಲ್ಲ, ರಜೆನೂ ಕೇಳ್ತಿರ್ಲಿಲ್ಲ” ಎಂದು ನಗುತ್ತಾರೆ.

ಆ ನಗು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ಉಳಿದ ಮೂರೆಕರೆಯನ್ನೂ ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುತ್ತಾರಂತೆ. ಅದರಾಚೆಯ ತಗ್ಗಿನಲ್ಲೇ ಮಗಳ ಬಾಡಿಗೆ ಮನೆ, ಅವಳ ಹೊಲಿಗೆ ಯಂತ್ರ, ಎಂಟು ತಿಂಗಳ ಮೊಮ್ಮಗಳು. ಕಳೆದ ವರ್ಷ ನೀರು ಹೊಸ್ತಿಲವರೆಗೆ ಬಂದು ನಿಂತಿತ್ತು. ಒಳಗೆ ನುಗ್ಗದಂತೆ ತಡೆದದ್ದು ಈ ಮೂರೆಕರೆಯೇ.

ಎರಡು ವರ್ಷದ ಹಿಂದೆ ಜಾಗದ ಬೆಲೆ ಕಟ್ಟಲು ಬಂದ ಗುಮಾಸ್ತರು ಇವರನ್ನೇ ಕೇಳಿದ್ದರು: “ಈ ಜೌಗಿಂದ ನಿಮಗೇನು ಸಿಗುತ್ತಮ್ಮಾ?” ರಜೆಯ ದಿನ ಆಗಲೂ ಒಂದೆರಡು ಹೊರೆ ಜೊಂಡು ಕೊಯ್ಯುತ್ತಿದ್ದ ಪಂಪಕ್ಕ, ತೆರಿಗೆ ಹಾಕಲು ಬಂದಿದ್ದಾರೆಂದು ಹೆದರಿ, “ಏನೂ ಇಲ್ಲ ಸಾರ್, ಬರೀ ಸೊಳ್ಳೆ” ಅಂದುಬಿಟ್ಟರು. ಗುಮಾಸ್ತರು ಉಪಯೋಗದ ಕಾಲಮ್ಮಿನಲ್ಲಿ ಸೊನ್ನೆ ಬರೆದು, ಕೆಳಗೆ ಇವರ ಸಹಿ ಹಾಕಿಸಿಕೊಂಡು ಹೋದರು. ಬೇರೆ ಯಾರನ್ನೂ ಕೇಳಲಿಲ್ಲ. ಆ ಸೊನ್ನೆ ನೋಡಿಯೇ ಜೌಗು ಮುಚ್ಚಲು ಒಪ್ಪಿಗೆ ಸಿಕ್ಕಿತು.

ಮಾತು ತಿದ್ದಿಕೊಳ್ಳುತ್ತೇನೆಂದು ಪಂಪಕ್ಕ ಕಚೇರಿಗೆ ನಾಲ್ಕು ಸಲ ಅಲೆದಿದ್ದಾರೆ. “ನೀವೇ ಹೇಳಿದ್ದಲ್ವಾ?” ಎಂದು ಸಹಿ ತೋರಿಸಿ ಕಳಿಸಿದ್ದಾರೆ. ಮುಂದಿನ ವಾರ ಮಣ್ಣಿನ ಲಾರಿಗಳು ಬರುತ್ತವೆ.

ಪತ್ರಿಕೆಗೆ ಫೋಟೋ ತೆಗೆಯಲೇ ಎಂದರೆ ಅಡ್ಡಡ್ಡ ತಲೆಯಾಡಿಸುತ್ತಾರೆ.

“ಫೋಟೋ ಬೇಡ, ನಿಜವಾದ ಹೆಸರೂ ಬೇಡ. ಆ ಸೊನ್ನೆ ಬರೆಸಿದ್ದು ನಾನೇ ಅಂತ ಮಾತ್ರ ಹಾಕಿ. ಮಗಳ ಎದುರು ನಿಂತು ಹೇಳೋಕೆ ನಂಗೆ ಬಾಯಿ ಬರ್ತಿಲ್ಲ. ಭಾನುವಾರ ಅವಳು ಪೇಪರ್ ಓದ್ತಾಳೆ. ಬೈದ್ರೆ ಬೈಲಿ. ದೊಡ್ಡ ಮಳೆ ಬರೋಕೆ ಮುಂಚೆ ಮಗು ಕರ್ಕೊಂಡು ಬೇರೆ ಮನೆ ನೋಡ್ಕೊಂಡ್ರೆ ಸಾಕು.”