ಪೆಟ್ಟಿಗೆಯ ಕೆಳಗಿನ ಹೆಜ್ಜೆ

ಹಸಿ ಸಿಮೆಂಟಿನ ವಾಸನೆ ಬಂದರೆ ಈಗಲೂ ನಾನು ಮೊದಲು ನೋಡುವುದು ಸುತ್ತಲಿನ ಮಕ್ಕಳ ಕಾಲುಗಳನ್ನು. ಗೋವಾದ ಕೊರ್ತಾಲಿಮಿನ ನಮ್ಮ ಓಣಿಯಲ್ಲಿ ಯಾರಾದರೂ ಕಟ್ಟೆ ಕಟ್ಟಿಸುತ್ತಿದ್ದರೆ ಸಾಕು, ಮಕ್ಕಳನ್ನು ಹಿಡಿದುಕೊಳ್ಳಿ ಎಂದು ಪರಿಚಯವಿಲ್ಲದ ತಾಯಂದಿರನ್ನೂ ಗದರಿಸಿಬಿಡುತ್ತೇನೆ. ಓಣಿಯವರು ನನ್ನನ್ನು ಹುಚ್ಚಿ ಎಂದುಕೊಂಡಿದ್ದರೆ ತಪ್ಪಿಲ್ಲ. ಹೋದ ತಿಂಗಳು ಪಕ್ಕದ ಮನೆಯ ಅಂಗಳಕ್ಕೆ ಸಿಮೆಂಟು ಹಾಕುತ್ತಿದ್ದಾಗ, ಟ್ಯಾಕ್ಸಿ ಓಡಿಸುವ ನನ್ನ ಗಂಡ ಫೋನು ತಂದು ಮುಖದ ಮುಂದೆ ಹಿಡಿದರು. "ಇದು ನಿಮ್ಮಪ್ಪ ಕಾಯತಿದ್ದ ಮನಿ ಹೌದಲ್ಲ? ಮಾರಾಕ ಇಟ್ಟಾರ ನೋಡು." ಕೆಪೆ ಊರಿನ ಆಚೆ, ತೆಂಗು ಗೇರಿನ ತೋಟದ ನಡುವೆ ಇದ್ದ ಆ ಪೋರ್ಚುಗೀಸರ ಕಾಲದ ಮನೆ. ಹೊಸ ಹೆಂಚು, ಹಳದಿ ಬಣ್ಣ, ಚಿಪ್ಪಿನ ಕಿಟಕಿಗಳು ಫಳಫಳ. ಬೆರಳಿನಿಂದ ಚಿತ್ರಗಳನ್ನು ಸರಿಸುತ್ತ ಹೋದವಳು ಒಂದು ಕಡೆ ನಿಂತುಬಿಟ್ಟೆ. ಕೆಂಪು ನೆಲ, ಅದರ ಮೇಲೆ ಗಾಜು, ಗಾಜಿನ ಕೆಳಗೆ ಮಗುವಿನ ಒಂದು ಹೆಜ್ಜೆ. ಮೂಲ ಮನೆತನದ ಕೂಸಿನದು, ಇನ್ನೂರು ವರ್ಷ ಹಳೆಯದು ಎಂದು ಕೆಳಗೆ ಬರೆದಿದ್ದರು. ಅದು ನನ್ನ ತಮ್ಮ ಮಾಂತ್ಯಾನ ಬಲಗಾಲು.

ಆ ಮನೆಗೆ ನಾವು ಹೋದಾಗ ನನಗೆ ಎಂಟು ವರ್ಷ, ಅವನಿಗೆ ಎರಡೂವರೆ. ಅದಕ್ಕೂ ಮೊದಲು ಜುವಾರಿ ನದಿಯ ದಂಡೆಯ ತಗಡಿನ ಶೆಡ್ಡಿನಲ್ಲಿದ್ದೆವು. ಒಂದು ಬೆಳಗ್ಗೆ, ಒಲೆಯ ಮೇಲೆ ಅನ್ನ ಕುದಿಯುತ್ತಿರುವಾಗಲೇ ಸರಕಾರದ ಮಂದಿ ಬಂದು ಅದನ್ನು ಕಿತ್ತುಹಾಕಿದರು. ಅಪ್ಪ ಬಾಗಲಕೋಟೆ ಕಡೆಯಿಂದ ಬಂದ ಗೌಂಡಿ. ಮಂದಿಗೆ ಮನೆ ಕಟ್ಟುವ ಕೆಲಸ ಎಲ್ಲೆಡೆ ಸಿಗುತ್ತಿತ್ತು, ನಮಗೊಂದು ಸೂರು ಸಿಗುತ್ತಿರಲಿಲ್ಲ. ಆ ದೊಡ್ಡ ಮನೆಯವರೆಲ್ಲ ಲಿಸ್ಬನ್ ಸೇರಿದ್ದರು. ಮಡಗಾಂವಿನಲ್ಲಿ ಉಳಿದಿದ್ದ ಮುದುಕಿಯೊಬ್ಬರು, ನಾವು ಗೌರವದಿಂದ ಬಾಯಿ ಎನ್ನುತ್ತಿದ್ದವರು, ಮನೆ ಕಾಯಲು ಅಪ್ಪನನ್ನು ಇಟ್ಟುಕೊಂಡರು. ಹಿಂದಿನ ಅಡುಗೆಕೋಣೆ ನಮಗೆ. ಉಳಿದ ಕೋಣೆಗಳು ಗುಡಿಸಿ ಒರೆಸುವುದಕ್ಕೆ ಮಾತ್ರ. "ಈ ಮನ್ಯಾಗ ನಮ್ಮ ಗುರ್ತು ಎಲ್ಲೂ ಬೀಳಬಾರದು, ತಿಳೀತಿಲ್ಲೊ?" ಎಂದಳು ಅವ್ವ ಮೊದಲ ದಿನವೇ. ಗೋಡೆಗೆ ಒಂದು ಮೊಳೆ ಹೊಡೆಯಲಿಲ್ಲ. ಮೆಣಸಿನಕಾಯಿ ಹುರಿಯಬೇಕಾದರೆ ಬಾವಿಯ ಹತ್ತಿರ ಮೂರು ಕಲ್ಲು ಹೂಡುತ್ತಿದ್ದಳು. ಹೊಸ್ತಿಲಿಗೆ ರಂಗೋಲಿ ಹಾಕದೆ ಅವಳಿಗೆ ಇರಲಾಗದು. ಅದಕ್ಕೆ ಬೆರಳನ್ನು ಅದ್ದಿ ಬರೀ ನೀರಿನಲ್ಲೇ ಬರೆಯುತ್ತಿದ್ದಳು. ಬಿಸಿಲು ಏರುವಷ್ಟರಲ್ಲಿ ಆರಿಹೋಗುತ್ತಿತ್ತು. ನೀವೂ ಇನ್ನೊಬ್ಬರ ಮನೆಯಲ್ಲಿ ಬೆಳೆದವರಾದರೆ ಈ ಹೆದರಿಕೆ ನಿಮಗೆ ಗೊತ್ತು. ನಾನು ಆ ಮನೆಯಲ್ಲಿ ತುದಿಗಾಲಲ್ಲೇ ನಡೆದೆ. ಮಾಂತ್ಯಾ ಮಾತ್ರ ದಡದಡ ಓಡುತ್ತಿದ್ದ.

ಮಳೆಗಾಲಕ್ಕೆ ಮುಂಚೆ, ದೊಡ್ಡ ಹಾಲಿನ ಮೂಲೆಯಲ್ಲಿ ನೆಲ ಕಿತ್ತುಹೋಗಿದ್ದನ್ನು ಸರಿಮಾಡಲು ಬಾಯಿ ಹೇಳಿಕಳಿಸಿದರು. ಅಪ್ಪ ಸಿಮೆಂಟಿಗೆ ಕೆಂಪು ಪುಡಿ ಕಲಸಿ, ದಿನವಿಡೀ ಮಂಡಿಯೂರಿ, ಮುಖ ಕಾಣುವ ಹಾಗೆ ತಿಕ್ಕಿ ನುಣುಪು ಮಾಡಿದ. ಸಂಜೆ ಕೈಕಾಲು ತೊಳೆಯಲು ಬಾವಿಗೆ ಹೋಗುವಾಗ "ತಮ್ಮನ್ನ ಹಿಡಕೊಂಡಿರವಾ" ಎಂದ. ಅಷ್ಟರಲ್ಲಿ ಪಾವು ಬ್ರೆಡ್ಡು ಮಾರುವವನ ಸೈಕಲ್ಲಿನ ಪೋಂ ಪೋಂ ಕೇಳಿಸಿತು. ಬಿಸಿ ಪಾವಿನ ಆಸೆಗೆ ಗೇಟಿಗೆ ಓಡಿದೆ. ತಿರುಗಿ ಬಂದರೆ ಮಾಂತ್ಯಾ ಒಂದು ಕಾಲು ಹಳೆ ನೆಲದ ಮೇಲೆ, ಒಂದು ಕಾಲು ಹಸಿಯಲ್ಲಿ ಊರಿ, ನನ್ನ ಕಡೆ ಕೈ ಚಾಚಿ ನಿಂತಿದ್ದ. "ಅಕ್ಕಾ, ತಂಪ್ ಐತಿ" ಎಂದ. ಆಗಲೇ ಅಪ್ಪನನ್ನು ಕೂಗಿದ್ದರೆ ಒಂದು ಕ್ಷಣದ ಕೆಲಸ, ತೀಡಿ ಮುಚ್ಚಿಬಿಡುತ್ತಿದ್ದ. ಕೂಗಲಿಲ್ಲ. ಹೊಡೆಯುತ್ತಾನೆಂದು ಹೆದರಿ ತಮ್ಮನ ಕಾಲನ್ನು ನನ್ನ ಲಂಗದಲ್ಲಿ ಒರೆಸಿ ಎತ್ತಿಕೊಂಡು ಹೋದೆ. ಕತ್ತಲಾಯಿತೆಂದು ಅಪ್ಪನೂ ಮತ್ತೆ ಹಾಲಿಗೆ ಹೋಗಲಿಲ್ಲ. ಬೆಳಗಾಗುವಷ್ಟರಲ್ಲಿ ಐದು ಬೆರಳಿನ ಸಮೇತ ಹೆಜ್ಜೆ ಕಲ್ಲಾಗಿತ್ತು, ಮತ್ತು ಅದು ಬಾಯಿ ಮನೆ ನೋಡಲು ಬರುವ ಭಾನುವಾರ.

ಅಪ್ಪ ನೋಡಿ ನನ್ನನ್ನು ಹೊಡೆಯಲಿಲ್ಲ. ಅದಕ್ಕೇ ಹೆಚ್ಚು ಭಯವಾಯಿತು. "ತ್ಯಾಪಿ ಹಾಕಿದ್ರ ಬಣ್ಣ ಬ್ಯಾರೆ ಕಾಣತೈತಿ. ಇನ್ನ ಗಂಟು ಮೂಟಿ ಕಟ್ಟೂದ" ಎಂದು ಗೋಡೆಗೆ ಒರಗಿ ಕೂತ. ಅವ್ವನೇ ಆಚೆಯ ಕೋಣೆಯಲ್ಲಿದ್ದ ಹಳೆಯ ಮರದ ಪೆಟ್ಟಿಗೆಯನ್ನು ತೋರಿಸಿದಳು. ಇಬ್ಬರೂ ಅದನ್ನು ಎತ್ತಿ ತಂದು ಹೆಜ್ಜೆಯ ಮೇಲೆ ಇಟ್ಟರು. ಬಾಯಿ ಬಂದರು, ಕೋಲು ಊರುತ್ತ ಒಂದೊಂದೇ ಕೋಣೆ ನೋಡಿದರು, ಕೊನೆಗೆ ಹಾಲಿಗೆ ಬಂದು ದಣಿವಾಗಿ ಆ ಪೆಟ್ಟಿಗೆಯ ಮೇಲೇ ಕೂತುಬಿಟ್ಟರು! ಹೊಸ ನೆಲವನ್ನು ಕೋಲಿನಿಂದ ತಟ್ಟಿ "ಬರೇಂ ಜಾಲಾಂ" ಎಂದರು, ಚೆನ್ನಾಗಿ ಆಗಿದೆ ಎಂದು. ನನ್ನ ಸೊಂಟದ ಮೇಲಿದ್ದ ಮಾಂತ್ಯಾ ಪೆಟ್ಟಿಗೆಯ ಅಡಿಗೆ ಬೆರಳು ಮಾಡಿ "ನನ್ ಕಾಲು" ಎಂದು ಶುರುಮಾಡಿದ. ಅವನ ಬಾಯಿಯನ್ನು ಅಂಗೈಯಿಂದ ಒತ್ತಿ ಹಿಡಿದೆ. ಅವನು ಒದ್ದಾಡಿದಷ್ಟೂ ಒತ್ತಿದೆ. ಮುದುಕಿಯ ಕಾರು ಗೇಟು ದಾಟಿದ ಮೇಲೆ ಕೈ ತೆಗೆದರೆ ಅವನ ಕೆನ್ನೆಯ ಮೇಲೆ ನನ್ನ ನಾಲ್ಕು ಬೆರಳು ಮೂಡಿದ್ದವು.

ಆ ಮಳೆಗಾಲದಲ್ಲೇ ಜ್ವರ ಬಂದು ಮೂರು ದಿನದಲ್ಲಿ ಮಾಂತ್ಯಾ ಹೋಗಿಬಿಟ್ಟ. ಹೊಳೆಯ ಆಚೆ ಎಲ್ಲೋ ಮಣ್ಣು ಮಾಡಿ ಬಂದರು. ಆ ವರ್ಷದ ನೆರೆಗೆ ಆ ಜಾಗವೂ ಗುರುತು ಸಿಗದಂತಾಯಿತು. ಅವನದೊಂದು ಫೋಟೊ ಇರಲಿಲ್ಲ. ಒಂದು ಮಧ್ಯಾಹ್ನ ಅವ್ವ ಒಬ್ಬಳೇ ಆ ಪೆಟ್ಟಿಗೆಯನ್ನು ಸರಿಸಿ ಕೂತಿದ್ದನ್ನು ಕಂಡೆ. ಗುರುತೆಂದರೆ ಹೆದರಿ ಸಾಯುತ್ತಿದ್ದವಳು ಆ ಹೆಜ್ಜೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಒಂದೊಂದೇ ಬೆರಳಿನ ಕುಳಿಯನ್ನು ತಿಕ್ಕುತ್ತಿದ್ದಳು, ಕೂಸಿಗೆ ಎರೆಯುವ ಮುಂಚೆ ತಿಕ್ಕುವ ಹಾಗೆಯೇ. ಆಮೇಲೆ ಪೆಟ್ಟಿಗೆಯನ್ನು ಮತ್ತೆ ಹೆಜ್ಜೆಯ ಮೇಲಕ್ಕೆ ತಳ್ಳಿದಳು. ಬಾಯಿ ತೀರಿಕೊಂಡು ಮನೆ ಬೇರೆಯವರ ಕೈಗೆ ಹೋಗಿ ನಾವು ಬಿಟ್ಟು ಬರುವ ತನಕ ಆಗಾಗ ಇದು ನಡೆಯಿತು. ಹೋದ ವರ್ಷ ಅವ್ವ ಸಾಯುವ ಮುಂಚೆ, ಮಾತು ಸರಿಯಾಗಿ ಹೊರಡದ ಸ್ಥಿತಿಯಲ್ಲಿ, ನನ್ನ ಕೈ ಹಿಡಿದು ಕೇಳಿದ್ದು ಒಂದೇ: "ಪೆಟಗಿ ಸರಿಸ್ಯಾರೇನ?"

ಸರಿಸಿದ್ದರು. ಜಾಹೀರಾತಿನ ನಂಬರಿಗೆ ಫೋನು ಮಾಡಿ, ನಮ್ಮಪ್ಪ ಅಲ್ಲಿ ಕೆಲಸಕ್ಕಿದ್ದ, ಒಂದು ಸಲ ನೋಡಬೇಕು ಎಂದೆ. ಏಜೆಂಟ್ ಹುಡುಗಿ ಒಳ್ಳೆಯವಳು, ಗಿರಾಕಿಗಳು ಬರುವ ದಿನವೇ ಬನ್ನಿ ಎಂದಳು. ಗೇಟು ದಾಟುವಾಗ ನನಗರಿವಿಲ್ಲದೆ ಹಿಮ್ಮಡಿ ಮೇಲೆದ್ದಿತ್ತು. ಕೊಳ್ಳಲು ಬಂದ ಗಂಡಹೆಂಡಿರು ಗಾಜಿನ ಮುಂದೆ ನಿಂತರು. ಗಂಡ ಬಗ್ಗಿ ನೋಡಿ, ಇದು ನಿಜಕ್ಕೂ ಅಷ್ಟು ಹಳೆಯದಾದರೆ ಇರಲಿ, ಇಲ್ಲದಿದ್ದರೆ ಕಿತ್ತು ಇಡೀ ಹಾಲಿಗೆ ಮಾರ್ಬಲ್ ಹಾಕಿಸೋಣ ಎಂದು ಹಿಂದಿಯಲ್ಲಿ ಹೇಳಿದರು. "ಇವರನ್ನೇ ಕೇಳಿ, ಇಲ್ಲೇ ಬೆಳೆದವರು" ಎಂದು ಹುಡುಗಿ ನನ್ನ ಕಡೆ ತಿರುಗಿದಳು.

ಆ ಭಾನುವಾರ ಇದು ಕಣ್ಣಿಗೆ ಬಿದ್ದರೆ ನಮ್ಮನ್ನು ಹೊರಹಾಕುತ್ತಾರೆಂದು ಹೆದರಿದ್ದೆ. ಈಗ ಗೌಂಡಿಯ ಮಗನದೆಂದು ತಿಳಿದರೆ ಇದನ್ನೇ ಒಡೆದುಹಾಕುತ್ತಾರೆ. "ಬಹುತ್ ಪುರಾನಾ ಹೈ ಸಾಬ್. ನಾವು ಬರುವ ಮೊದಲೇ ಇತ್ತು" ಎಂದೆ. ಆ ಮಗುವಿನ ಹೆಸರು ಗೊತ್ತೇ ಎಂದು ಹೆಂಡತಿ ಆಸೆಯಿಂದ ಕೇಳಿದರು. ಗೊತ್ತಿಲ್ಲವೆಂದು ತಲೆಯಾಡಿಸಿದೆ. ಮಾಂತ್ಯಾನ ಬಾಯಿಯನ್ನು ಎರಡನೆಯ ಸಲ ಒತ್ತಿ ಮುಚ್ಚಿದ ಹಾಗಾಯಿತು. ಅವರು ಮೇಲಿನ ಕೋಣೆಗಳನ್ನು ನೋಡಲು ಹೋದಾಗ ಹೊರಗೆ ಬಂದು, ಬಾಟಲಿಯ ನೀರಿನಲ್ಲಿ ಬೆರಳು ಅದ್ದಿ, ಹೊಸ್ತಿಲ ಮೇಲೆ ಅವನ ಪೂರ್ತಿ ಹೆಸರು, ಮಾಂತೇಶ ಎಂದು ಬರೆದೆ. ಮೆಟ್ಟಿಲ ಮೇಲೆ ಅವರು ಇಳಿದು ಬರುವ ಸದ್ದಾಯಿತು. ಅವರು ಬರುವುದರೊಳಗೆ ಆರಿದರೆ ಸಾಕಪ್ಪಾ ಎಂದು ಹೆದರುತ್ತ, ಕೊನೆಯ ಅಕ್ಷರ ಮಾಯವಾಗುವ ತನಕ ಅದಕ್ಕೆ ಅಡ್ಡವಾಗಿ ನಿಂತಿದ್ದೆ.