ಅಭಾವೇ ಅಕ್ಷತಾನ್

“ಇಪ್ಪತ್ತೊಂದು ಪತ್ರೆ ಸಾರ್, ಪೂರ್ತಿ ಸೆಟ್ಟು!”

ಗಣೇಶನ ಹಬ್ಬಕ್ಕೆ ಎರಡು ದಿನ ಮುಂಚೆ ಗಾಂಧಿಬಜಾರಿನ ಫುಟ್‌ಪಾತಿನಲ್ಲಿ ಹೂವಿನಾಕೆಯೊಬ್ಬಳು ಬಾಳೆನಾರಿನಲ್ಲಿ ಬಿಗಿದ ಹಸಿರು ಕಟ್ಟೊಂದನ್ನು ನನ್ನ ಚೀಲಕ್ಕೆ ಹಾಕಿಯೇಬಿಟ್ಟಳು. ಕಟ್ಟು ದಪ್ಪಗಿತ್ತು. ಕೆಲಸ ಇಷ್ಟು ಸಲೀಸಾಯಿತಲ್ಲ ಅಂತ ನನಗೂ ಖುಷಿ. ಮನೆಗೆ ಬಂದು ಪೇಪರ್ ಮೇಲೆ ಹರಡಿದೆ. ಎಲೆಗಳೇನೋ ಇಪ್ಪತ್ತೊಂದಕ್ಕಿಂತ ಜಾಸ್ತಿಯೇ ಇದ್ದವು. ಜಾತಿ ಮಾತ್ರ ನಾಲ್ಕು. ಮಾವು, ಬಿಲ್ವ, ಕಣಗಿಲೆ, ಇನ್ನೊಂದು ಸೀಬೆ. (ಗಣಪನಿಗೆ ಸೀಬೆ ಎಲೆ ಯಾವ ಪುರಾಣದಲ್ಲಿ ಬರುತ್ತದೋ, ತಿಳಿದವರು ಹೇಳಿ.)

ವಾಪಸ್ ಹೋಗಿ ಕೇಳಿದೆ. ಆಕೆ ಮಲ್ಲಿಗೆ ಅಳೆಯುತ್ತಿದ್ದವಳು ತಲೆ ಎತ್ತಲಿಲ್ಲ. “ಎಲ್ಲಾ ಹಸ್ರೇ ಅಲ್ವಾ ಸಾರ್?” ಅಂದಳು.

ಆಕೆಯ ಮೇಲೆ ನನಗೆ ಸಿಟ್ಟಿಲ್ಲ. ಇದೇ ಮಾತನ್ನು ದೊಡ್ಡ ದೊಡ್ಡ ದೇಶಗಳು ಸೂಟು ಹಾಕಿಕೊಂಡು ಹೇಳುತ್ತಿವೆ. ಆ ಕಥೆಗೆ ಆಮೇಲೆ ಬರುತ್ತೇನೆ.

ಮೊದಲು ಪತ್ರೆಯ ವಿಷಯ. ಗಣಪತಿ ಪೂಜೆಯಲ್ಲಿ ಇಪ್ಪತ್ತೊಂದು ಬಗೆಯ ಎಲೆ ಏರಿಸಬೇಕು. ಪುರೋಹಿತರು ಒಂದೊಂದು ಗಿಡದ ಹೆಸರು ಹೇಳುತ್ತಾರೆ, ನಾವು ಒಂದೊಂದು ಎಲೆ ಹಾಕುತ್ತೇವೆ. ಎಲೆ ಇಲ್ಲವೋ? ಚಿಂತೆಯಿಲ್ಲ. “ಅಭಾವೇ ಅಕ್ಷತಾನ್ ಸಮರ್ಪಯಾಮಿ” ಅಂದುಬಿಟ್ಟರಾಯಿತು. ಎಲೆಯ ಅಭಾವವಿದೆ, ಅದರ ಬದಲು ಅರಿಶಿನ ಹಚ್ಚಿದ ನಾಲ್ಕು ಅಕ್ಕಿಕಾಳು ಹಾಕುತ್ತಿದ್ದೇನೆ, ಒಪ್ಪಿಸಿಕೋ ದೇವರೇ ಅಂತ. ದೇವರು ಒಳ್ಳೆಯವನು, ಇವತ್ತಿನವರೆಗೆ ಯಾರಿಗೂ ನೋಟಿಸ್ ಕೊಟ್ಟಿಲ್ಲ.

ನಮ್ಮ ಮನೆಯಲ್ಲಿ ಮಾತ್ರ ಈ ಅಕ್ಷತೆಯ ಆಟ ನಡೆಯುತ್ತಿರಲಿಲ್ಲ. ಕಾರಣ ನನ್ನ ಹೆಂಡತಿ ರಾಜಲಕ್ಷ್ಮಿ. ಎಲ್ಲರಿಗೂ ರಾಜಿ. ಹೆಸರಷ್ಟೇ ರಾಜಿ; ರಾಜಿಯಾಗುವುದು ಅವಳ ಜಾತಕದಲ್ಲೇ ಇರಲಿಲ್ಲ. ಈ ಊರಲ್ಲಿ ಎಲ್ಲೂ ಸಿಗದ ದೇವದಾರು, ಗಂಡಕಿ ಎರಡಕ್ಕೆ ಅವಳೂ ಸೋತಿದ್ದಳು. ಉಳಿದದ್ದೆಲ್ಲ ತಟ್ಟೆಯಲ್ಲಿ ಇರಲೇಬೇಕು. ಹಬ್ಬದ ಹಿಂದಿನ ದಿನ ನನ್ನನ್ನು ಸ್ಕೂಟರ್ ಸಮೇತ ಹೊರಡಿಸುತ್ತಿದ್ದಳು. ಖಾಲಿ ಸೈಟಿನಲ್ಲಿ ಎಕ್ಕ, ಉತ್ತರಣೆ, ದತ್ತೂರ. ದೇವಸ್ಥಾನದ ಹಿಂದೆ ಬನ್ನಿ. ಒಬ್ಬರ ಕಾಂಪೌಂಡಿನಲ್ಲಿ ಜಾಜಿ, ಇನ್ನೊಬ್ಬರ ಹಿತ್ತಲಲ್ಲಿ ಲಕ್ಕಿ. ನಾನು ಗೇಟಿನ ಹೊರಗೆ ಕೂತು ಹಾರ್ನ್ ಮಾಡುತ್ತಿದ್ದೆ. ಅವಳು ಒಳಗೆ ಹೋದರೆ ಕಾಫಿ ಕುಡಿಯದೆ ಬರುತ್ತಿರಲಿಲ್ಲ. ಒಂದು ಎಲೆಗೆ ಅಷ್ಟು ಹೊತ್ತು ಏನು ಮಾತೋ!

ರಾಜಿ ಈಗಿಲ್ಲ. ಅವಳು ತೀರಿಕೊಂಡ ವರ್ಷ ಹಬ್ಬ ಮಾಡಬಾರದೆಂಬ ಪದ್ಧತಿ, ಮನೆಯಲ್ಲಿ ಮಾಡಲಿಲ್ಲ. (ಮಕ್ಕಳಿಲ್ಲ ನಮಗೆ. ಮಾಡೋಣ ಅಂತ ಹಟ ಹಿಡಿಯುವವರೂ ಇರಲಿಲ್ಲ.) ಇದು ಅವಳಿಲ್ಲದ ಮೊದಲ ಪೂಜೆ. ನನಗೆ ಬೇಕಾಗಿದ್ದದ್ದು ಒಂದೇ. ತಟ್ಟೆ ಅವಳು ಇಡುತ್ತಿದ್ದ ಹಾಗೆ ಇರಬೇಕು. ದೇವರ ಮೇಲೆ ನನಗೆ ಅಂಥಾ ಭಕ್ತಿಯೇನೂ ಇಲ್ಲ. ಅವಳ ತಟ್ಟೆಯ ಮೇಲಿದೆ.

ಈ ಮಧ್ಯೆ ಮೇಜಿನ ಮೇಲೆ ಇನ್ನೊಂದು ಕೆಲಸ ಕೂತಿತ್ತು. ಭಾಷಾಂತರ ಮಾಡಿ ಹೊಟ್ಟೆ ಹೊರೆಯುವವನು ನಾನು ಅಂತ ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಈ ಸಲ ಬಂದದ್ದು ಜೀವವೈವಿಧ್ಯದ ನಾಶ ತಡೆಯಲು ಜಗತ್ತಿನ ದೇಶಗಳು ಮಾಡಿಕೊಂಡ ಒಪ್ಪಂದ. ಎರಡು ಸಾವಿರದ ಮೂವತ್ತರೊಳಗೆ ನಾಶವನ್ನು ನಿಲ್ಲಿಸಿ, ಕಳೆದುಕೊಂಡದ್ದನ್ನು ವಾಪಸ್ ತರುತ್ತೇವೆ ಅಂತ ಎಲ್ಲರೂ ಒಪ್ಪಿದ್ದಾರೆ. ಓದಿದರೆ ಎದೆ ತುಂಬಿ ಬರುತ್ತದೆ. ಆಮೇಲೆ ಸಣ್ಣ ಸಣ್ಣ ಮಾತುಗಳು ಶುರುವಾಗುತ್ತವೆ. ‘ಸಾಧ್ಯವಾದ ಮಟ್ಟಿಗೆ.’ ‘ಸೂಕ್ತವೆಂದು ಕಂಡಲ್ಲಿ.’ ‘ಆಯಾ ದೇಶದ ಪರಿಸ್ಥಿತಿಗೆ ಅನುಗುಣವಾಗಿ.’ ಪುಟಕ್ಕೆರಡು ಸಲ ಇದನ್ನೇ ಕನ್ನಡಿಸಿ ಕನ್ನಡಿಸಿ ನನ್ನ ಕೈ ನೋವು. ಮಾಡದಿದ್ದರೆ ಏನಾಗುತ್ತದೆ? ಹುಡುಕಿದೆ. ಏನೂ ಆಗುವುದಿಲ್ಲ, ವರದಿ ಕೊಟ್ಟರೆ ಸಾಕು. ಹಿಂದಿನ ದಶಕದಲ್ಲೂ ಹೀಗೇ ಗುರಿ ಹಾಕಿಕೊಂಡಿದ್ದರು. ಒಂದೂ ಪೂರ್ತಿ ಮುಟ್ಟಲಿಲ್ಲ. ಏನಾಯಿತು? ಹೊಸ ಗುರಿ ಬಂತು.

ಫೈಲ್ ಮುಚ್ಚಿ, ಹಬ್ಬದ ಹಿಂದಿನ ದಿನ ಸ್ಕೂಟರ್ ತೆಗೆದೆ.

ಖಾಲಿ ಸೈಟು ಖಾಲಿ ಇರಲಿಲ್ಲ. ಅಲ್ಲಿ ಪಿ.ಜಿ. ಹಾಸ್ಟೆಲ್ ಎದ್ದಿದೆ. ಎಕ್ಕವೂ ಇಲ್ಲ, ದತ್ತೂರವೂ ಇಲ್ಲ. ಬನ್ನಿ ಸಿಕ್ಕಿತು, ಪುಣ್ಯ. ಜಾಜಿಯ ಮನೆ ಇದ್ದ ಜಾಗದಲ್ಲಿ ಅಪಾರ್ಟ್‌ಮೆಂಟ್. ಗೇಟಿನಿಂದ ಲಿಫ್ಟಿನವರೆಗೆ ಒಂದೇ ಜಾತಿಯ ಗಿಡದ ಕುಂಡಗಳು, ಸಾಲಾಗಿ, ಹಸಿರೋ ಹಸಿರು.

“ಯಾವ ಫ್ಲಾಟ್ ಸಾರ್?” ಅಂದ ಸೆಕ್ಯುರಿಟಿಯವನು.

“ಫ್ಲಾಟಲ್ಲಪ್ಪ. ಜಾಜಿ ಬೇಕಿತ್ತು.”

ಅವನು ರಿಜಿಸ್ಟರ್ ಮೇಲೆ ಬೆರಳಾಡಿಸಿದ. “ಆ ಹೆಸ್ರಿನ್ ಮೇಡಂ ಯಾರೂ ಇಲ್ಲ ಸಾರ್ ಇಲ್ಲಿ.”

ನಕ್ಕೆ. ತಿರುಗಿ ನೋಡಿದೆ, ಹಿಂದಿನ ಸೀಟಿನಲ್ಲಿ ನಗುವವರು ಇರಲಿಲ್ಲ. ಮನೆಗೆ ಹೋಗಿ ಹೇಳೋಣ ಅಂದರೆ ಮನೆಯಲ್ಲೂ ಯಾರೂ ಇಲ್ಲ. ಜೋಕು ಹೇಳಲು ಜನ ಇಲ್ಲದಿರುವುದಕ್ಕಿಂತ ದೊಡ್ಡ ಒಂಟಿತನ ನನಗೆ ಗೊತ್ತಿಲ್ಲ. ಅದಕ್ಕೇ ನಿಮಗೆ ಹೇಳುತ್ತಿದ್ದೇನೆ, ಸಹಿಸಿಕೊಳ್ಳಿ.

ಕೊನೆಗೆ ಚಾಮರಾಜಪೇಟೆಯ ಲಕ್ಕಿ ಮನೆಗೆ ಬಂದೆ. ಲಕ್ಕಿ ಪುರೋಹಿತರ ಸಂಸ್ಕೃತದಲ್ಲಿ ಸಿಂಧುವಾರ. ನಮಗೆ ನೆಗಡಿಯಾದಾಗ ಬಿಸಿನೀರಿಗೆ ಹಾಕಿ ಹಬೆ ಹಿಡಿಯುವ ಸೊಪ್ಪು. ಎಷ್ಟೋ ವರ್ಷ ಆ ಗೇಟಿನ ಹೊರಗೆ ಹಾರ್ನ್ ಮಾಡಿದ್ದೇನೆ. ಒಳಗೆ ಕಾಲಿಟ್ಟದ್ದು ಅವತ್ತೇ ಮೊದಲು. ಹಾಲ್ ತುಂಬ ಟ್ಯೂಷನ್ ಮಕ್ಕಳು. ಕನ್ನಡಕ ಹಾಕಿದ ಹೆಂಗಸೊಬ್ಬರು ಸೀಮೆಸುಣ್ಣ ಹಿಡಿದೇ ಬಾಗಿಲಿಗೆ ಬಂದರು.

“ಲಕ್ಕಿ ಎಲೆಗೆ ಬಂದೆ ಅಮ್ಮ. ನನ್ನ ಹೆಂಡ್ತಿ ರಾಜಿ ಪ್ರತಿ ವರ್ಷ...”

“ಅಯ್ಯೋ, ರಾಜಿ ಯಜಮಾನ್ರಾ! ಹಾರ್ನ್ ಮಾಡೋರು! ಬನ್ನಿ ಬನ್ನಿ. ನಾನು ಕಮಲಾ. ಎಲ್ರೀ ಅವ್ರು? ಹೋದ್ ವರ್ಷಾನೂ ಬರ್ಲಿಲ್ಲ. ಕಿತ್ತಿಟ್ಟಿದ್ದ ಎಲೆ ಒಣಗೋಯ್ತು. ಚೆನ್ನಾಗ್ ಬೈಕೊಂಡೆ ಅವ್ರನ್ನ.”

ಹೇಳಿದೆ.

ಕಮಲಾ ಟೀಚರ್ ಅಲ್ಲೇ ಜಗಲಿಯ ಮೇಲೆ ಕೂತುಬಿಟ್ಟರು. “ನಂಗ್ಯಾರೂ ಹೇಳ್ಲೇ ಇಲ್ವಲ್ರೀ” ಅಂದರು. ಯಾರು ಹೇಳುತ್ತಾರೆ? ವರ್ಷಕ್ಕೆ ಒಂದೇ ದಿನದ ಸ್ನೇಹ ಅವರಿಬ್ಬರದು, ಒಂದು ಗಿಡದ ನೆಪದಲ್ಲಿ ಬೆಳೆದದ್ದು. ಫೋನ್ ನಂಬರ್ ಕೂಡ ಯಾರ ಹತ್ತಿರವೂ ಇರಲಿಲ್ಲ. ರಾಜಿ ಹೋದದ್ದಕ್ಕೆ ನನ್ನ ಜೊತೆ ಅಳುವ ಒಬ್ಬರು ಇಷ್ಟು ಹತ್ತಿರದಲ್ಲಿ, ಇಷ್ಟು ದಿನ ಇದ್ದರು. ಈಗ ಅತ್ತರು. ನಾನೂ ಅತ್ತೆ. ಮಕ್ಕಳು ಮಗ್ಗಿ ಹೇಳುವುದನ್ನು ನಿಲ್ಲಿಸಿ ನೋಡಿದವು.

ಹಿತ್ತಲಿಗೆ ಕರೆದುಕೊಂಡು ಹೋಗಿ ತಾವೇ ಕಿತ್ತುಕೊಟ್ಟರು. “ಜಾಸ್ತೀನೇ ತಗೊಳ್ಳಿ. ಮುಂದಿನ್ ವರ್ಷ ಈ ಗಿಡ ಇರಲ್ಲ. ಮನೆ ಬಿಲ್ಡರಿಗ್ ಕೊಟ್ಟಿದೀವಿ, ಇಲ್ಲಿ ಕಾರ್ ಪಾರ್ಕಿಂಗ್ ಬರುತ್ತೆ. ಮೇಲೆ ಟೆರೇಸಲ್ಲಿ ಹುಲ್ಲು ಹಾಕ್ಕೊಡ್ತಾರಂತೆ.”

“ಟೀಚರ್, ನೀವೆಲ್ಲಿ ಇರ್ತೀರಿ?”

“ಕಟ್ಟೋವರ್ಗೂ ತಂಗಿ ಮನೇಲಿ, ಯಲಹಂಕದಲ್ಲಿ. ಆಮೇಲೆ ನೋಡ್ಬೇಕು.”

ಆಗ ಹೊಳೆಯಿತು, ರಾಜಿ ಸುತ್ತುತ್ತಿದ್ದದ್ದು ಎಲೆಗಲ್ಲ. ಅಥವಾ ಎಲೆಗೇ ಇರಬಹುದು, ಆದರೆ ಒಂದೊಂದು ಎಲೆಯ ಹಿಂದೆ ಒಂದೊಂದು ಬಾಗಿಲಿತ್ತು. ಗಿಡ ಹೋದರೆ ಬಾಗಿಲೂ ಹೋಯಿತು. ಮಾವಿನೆಲೆ ಮಾರ್ಕೆಟ್ಟಿನಲ್ಲೇ ಸಿಗುತ್ತದೆ, ಅದಕ್ಕೆ ಯಾರ ಮನೆಯ ಕಾಫಿಯೂ ಬೇಕಾಗುವುದಿಲ್ಲ. ಗಿಡದ ಜಾತಿ ಕಡಿಮೆಯಾದಷ್ಟೂ ನಾವು ಒಬ್ಬರಿಗೊಬ್ಬರು ಬೇಕಾಗುವುದು ಕಡಿಮೆಯಾಗುತ್ತದೆ ಅಂತ ಆ ಒಪ್ಪಂದದಲ್ಲಿ ಯಾರೂ ಬರೆದಿಲ್ಲ.

ಹಬ್ಬದ ಬೆಳಿಗ್ಗೆ ನಮ್ಮ ಪುರೋಹಿತರು ಬಂದರು. ಅವರಿಗೆ ಅವತ್ತು ಮನೆ ಮೇಲೆ ಮನೆ, ಪಾಪ, ಹೆಲ್ಮೆಟ್ ತೆಗೆಯುವಾಗಲೇ ಮಂತ್ರ ಶುರು. ಅಭ್ಯಾಸಬಲದಿಂದ ನಾನು ಎರಡು ಮಣೆ ಹಾಕಿದ್ದೆ. ಅವರೂ ಅಭ್ಯಾಸಬಲದಿಂದ ಸಂಕಲ್ಪದಲ್ಲಿ “ಧರ್ಮಪತ್ನೀ ಸಮೇತಸ್ಯ” ಅಂದುಬಿಟ್ಟರು. ಅಂದವರು ನಿಂತರು. ನನ್ನ ಪಕ್ಕದ ಮಣೆ ನೋಡಿದರು. ಕೆಮ್ಮಿ, ಮುಂದಕ್ಕೆ ಹೋದರು. ನಾನು ಆ ಮಣೆ ಎತ್ತಲಿಲ್ಲ.

ಪತ್ರಪೂಜೆ ಬಂತು. ಅವರು ತಟ್ಟೆ ನೋಡುವ ಗೋಜಿಗೇ ಹೋಗಲಿಲ್ಲ. ಹೆಸರು ಹೇಳುವುದು, “ಅಭಾವೇ ಅಕ್ಷತಾನ್” ಅನ್ನುವುದು, ಎಲ್ಲ ಮನೆಯಲ್ಲೂ ಹೀಗೇ ನಡೆದು ಬಂದಿರಬೇಕು. “ಸಿಂಧುವಾರಪತ್ರಾಭಾವೇ...”

“ಇದೆ ಇದೆ!” ಅಂತ ಕೂಗಿದೆ, ಲಕ್ಕಿ ಎಲೆ ಎತ್ತಿ ಹಿಡಿದು.

“ಅರೆ, ಇದೆಯಾ?” ಅಂತ ಆಶ್ಚರ್ಯಪಟ್ಟರು. ಆದರೆ ಎಷ್ಟು ಸಲ ಹಾಗೆ ಕೂಗಲಿ? ಅರ್ಧಕ್ಕೂ ಹೆಚ್ಚು ಹೆಸರಿಗೆ ನನ್ನ ಕೈಯಲ್ಲಿದ್ದದ್ದು ಅಕ್ಕಿಕಾಳು. ರಾಜಿಯ ತಟ್ಟೆ ನನ್ನಿಂದಾಗಲಿಲ್ಲ. ಮುಖ ಸಪ್ಪಗಾದದ್ದು ಅವರಿಗೂ ಕಂಡಿತು.

“ಬೇಜಾರ್ ಮಾಡ್ಕೋಬೇಡಿ ಸ್ವಾಮಿ. ಶಾಸ್ತ್ರದಲ್ಲಿ ಅವಕಾಶ ಇದೆ.”

ಅವರು ಹೋದ ಮೇಲೆ ಮೇಜಿನ ಮೇಲಿನ ಒಪ್ಪಂದ ಇನ್ನೊಮ್ಮೆ ತೆಗೆದೆ. ‘ಸಾಧ್ಯವಾದ ಮಟ್ಟಿಗೆ’ ಅಂದರೆ ಏನು ಅಂತ ಈಗ ಚೆನ್ನಾಗಿ ಅರ್ಥವಾಯಿತು. ಇಲ್ಲಿ ಕಾಡು ಕಡಿಯಿರಿ, ಅಲ್ಲೆಲ್ಲೋ ಒಂದೇ ಜಾತಿಯ ಸಸಿ ನೆಡಿ. ಹಿತ್ತಲು ತೆಗೆಯಿರಿ, ಟೆರೇಸಿಗೆ ಹುಲ್ಲು ಹಾಸಿ. ಎಲ್ಲಾ ಹಸ್ರೇ ಅಲ್ವಾ? ಅಭಾವೇ ಅಕ್ಷತಾನ್! ಒಪ್ಪಂದ ಗಟ್ಟಿಯಾಗಬೇಕಾದರೆ ದೊಡ್ಡ ದೊಡ್ಡ ಗುರಿ ಬೇಡ, ಈ ಅವಕಾಶದ ಬಾಗಿಲು ಮುಚ್ಚಿದರೆ ಸಾಕು. ಇಲ್ಲದ್ದಕ್ಕೆ ಯಾಕಿಲ್ಲ ಅಂತ ಯಾರಾದರೂ ಒಬ್ಬರು ಉತ್ತರ ಕೊಡಬೇಕು. ರಾಜಿಯಂಥವಳೊಬ್ಬಳನ್ನು ಆ ಸಭೆಯಲ್ಲಿ ಕೂರಿಸಬೇಕಿತ್ತು. ಅಲ್ಲಿ ಆದದ್ದು ಬರೀ ರಾಜಿ.

ಸಂಜೆ ಪೂಜೆಯ ಜಾಗ ಗುಡಿಸಲು ಹೋದೆ. ನಾನು ಎಸೆದ ಅಕ್ಷತೆ ಗಣಪನ ಮೇಲೆ ಬಿದ್ದದ್ದಕ್ಕಿಂತ ಪಕ್ಕದ ಖಾಲಿ ಮಣೆಯ ಮೇಲೆ ಬಿದ್ದದ್ದೇ ಜಾಸ್ತಿ.

ಶಾಸ್ತ್ರದಲ್ಲಿ ಅವಕಾಶ ಇದೆಯಂತೆ. ಎಷ್ಟು ಕಾಳು ಹಾಕಲಿ?